ಹಸೆಯಲ್ಲೊಂದು ದನ

ಬ್ಯಾಕೋಡು
6 ಜನವರಿ 2026

ಮೊಮ್ಮಗಳು ಭವ್ಯಾಳಿಗೆ ನಿನ್ನ ಅಜ್ಜ ಕೆರಿಯಪ್ಪ ಮಾಡುವ ಆಶೀರ್ವಾದಗಳು.

ಇಲ್ಲಿ ನಾನು, ನಿನ್ನ ಅಜ್ಜಿ, ನಿನ್ನ ಅಪ್ಪ ಶಿವರಾಮ, ಅಮ್ಮ ಆಶಾ, ಮೂರು ದನ, ಎಲ್ಲರೂ ಕ್ಷೇಮ. ಫೋನ್ ಇರುವಾಗ ಅಜ್ಜ ಕಾಗದ ಯಾಕೆ ಬರೆದ ಅಂತ ಗಾಬರಿಯಾಗಬೇಡ. ಯಾರೂ ಸತ್ತಿಲ್ಲ. ಕಿವಿ ಮಂದವಾದ ಮೇಲೆ ನಾನು ಫೋನಿನಲ್ಲಿ ಮಾತಾಡಿದರೆ ಹೊಳೆಯಾಚೆಗೂ ಕೇಳುತ್ತದೆ ಅಂತ ನಿನ್ನಮ್ಮ ಹೇಳುತ್ತಾಳೆ. ಈಗ ಕೇಳಬೇಕಾದ ವಿಷಯವೋ ನಿನ್ನ ಅಜ್ಜಿಯ ಕಿವಿಗೆ ಬೀಳಬಾರದು. ಅವಳಿಗೆ ಓದಲು ಬರುವುದಿಲ್ಲ ಎನ್ನುವುದು ಐವತ್ತೆರಡು ವರ್ಷದಲ್ಲಿ ಮೊದಲ ಸಲ ನನಗೆ ಅನುಕೂಲಕ್ಕೆ ಬಂದಿದೆ. ಅಲ್ಲದೆ ಮಾಸ್ತಿಕಟ್ಟೆಯಲ್ಲಿ ನೀನು ಪೋಸ್ಟ್ ಮಾಸ್ಟರ್ ಆಗಿ ಕೂತಿರುವಾಗ ಮನೆಯಿಂದ ಒಂದು ಕಾಗದವೂ ಬರದಿದ್ದರೆ ಮರ್ಯಾದೆಯೇ?

ವಿಷಯ ಇಷ್ಟೆ. ಬರುವ ತಿಂಗಳು ಹದಿನಾಲ್ಕಕ್ಕೆ ಪ್ರೇಮಿಗಳ ದಿನವಂತೆ. ಹೋದ ವರ್ಷ ಅದನ್ನು ಟಿವಿಯಲ್ಲಿ ತೋರಿಸುವಾಗ ನಿನ್ನ ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಾ, "ನಮ್ಗೆಲ್ಲಿ ಬಂತು ಅದು? ನಮ್ಮನೆ ಯಜಮಾನ್ರು ಮದುವೆ ದಿನಾನೇ ನನ್ ಹಸೆ ಅಳಿಸಿದೋರು" ಅಂದಳು. ಆ ಕಥೆ ನಿನಗೆ ಗೊತ್ತು. ನಮ್ಮ ಮದುವೆಗೆಂದು ಅತ್ತಿಗೆಯರು ಗೋಡೆಗೆ ಕೆಮ್ಮಣ್ಣು ಬಳಿದು, ಎರಡು ದಿನ ಕೂತು ಅಕ್ಕಿಹಿಟ್ಟಿನಲ್ಲಿ ಹಸೆ ಚಿತ್ತಾರ ಬರೆದಿದ್ದರು. ನೆಂಟರು ತಂದ ಭತ್ತದ ಚೀಲಗಳನ್ನು ನಾನು ಮಹಾ ಬುದ್ಧಿವಂತನ ಹಾಗೆ ಅದಕ್ಕೇ ಒರಗಿಸಿಟ್ಟೆ. ಗೋಡೆ ಇನ್ನೂ ಹಸಿ. ಚೀಲ ತೆಗೆದು ನೋಡಿದರೆ ಮದುಮಗಳ ಗೊಂಬೆ ಪೂರಾ ಚೀಲಕ್ಕೆ ಅಂಟಿ ಹೋಗಿತ್ತು, ಮದುಮಗನ ಗೊಂಬೆ ಒಬ್ಬನೇ ನಿಂತಿದ್ದ. ಆ ಗೋಡೆಯ ಮುಂದೆಯೇ ನಾವು ಕೂತದ್ದು.

ಆಮೇಲೆ ಅವಳು ನೂರು ಮನೆಯ ಮದುವೆಗೆ ಹಸೆ ಬರೆದಿರಬಹುದು. ನಮ್ಮ ಮನೆಯ ಮಕ್ಕಳಲ್ಲಿ ಅವಳು ಬರೆಯದೆ ಬಿಟ್ಟದ್ದು ಒಂದೇ, ನಿನ್ನ ಸೋದರತ್ತೆ ಗಂಗಾಳ ಮಗಳು ವಿನಯಾಳದು. ಬೇರೆ ಜಾತಿಯ ಹುಡುಗ ಅಂತ ಬ್ರಶ್ಶು ಮುಟ್ಟಲಿಲ್ಲ. ಅದು ಬಿಡು. ನನಗೆ ಹೇಳಬೇಕಾದ್ದು ಇದು: ಈ ವರ್ಷ ಆ ದಿನ ಅವಳಿಗೆ ಏನಾದರೂ ಮಾಡಬೇಕು ಅಂತ ನನ್ನ ಆಸೆ. ಅವತ್ತು ಜನ ಏನೇನು ಮಾಡುತ್ತಾರೆ? ನಿನಗೆ ಗೊತ್ತಿರಲೇಬೇಕು. ವಿವರವಾಗಿ ಬರೆ.

ಇಂತಿ ನಿನ್ನ ಅಜ್ಜ,
ಕೆರಿಯಪ್ಪ


ಮಾಸ್ತಿಕಟ್ಟೆ
13 ಜನವರಿ 2026

ಪ್ರೀತಿಯ ಅಜ್ಜನಿಗೆ ಭವ್ಯಾಳ ನಮಸ್ಕಾರ.

ನಿನ್ನ ಕಾಗದಕ್ಕೆ ನಾನೇ ಮುದ್ರೆ ಒತ್ತಿ, ನಾನೇ ನನಗೆ ಬಟವಾಡೆ ಮಾಡಿಕೊಂಡೆ. ಬ್ಯಾಂಕಿನ ನೋಟಿಸು, ಆಧಾರ್ ಕಾರ್ಡು ಬಿಟ್ಟು ಒಬ್ಬರು ಕೈಯಾರೆ ಬರೆದದ್ದು ಈ ಆಫೀಸಿಗೆ ಬಂದು ಎಷ್ಟು ಕಾಲವಾಯಿತೋ! ನಕ್ಕು ನಕ್ಕು ಸಾಕಾಯಿತು. ಸ್ಟಾಂಪು ಕೊಳ್ಳಲು ಬಂದಿದ್ದ ಇಲ್ಲಿಯ ದನದ ಡಾಕ್ಟ್ರು, "ಯಾಕ್ರಿ, ಲಾಟರಿ ಹೊಡೀತಾ?" ಅಂತ ಕೇಳಿದರು.

ಆ ದಿನ ಏನು ಮಾಡುತ್ತಾರೆ ಅಂತ ನನಗೇನು ಗೊತ್ತು ಅಜ್ಜಾ? ಅವರಿವರು ಹೇಳಿದ್ದನ್ನು ಹೇಳುತ್ತೇನೆ. ಅದು ಒಂದು ದಿನದ ಹಬ್ಬವಲ್ಲ, ನವರಾತ್ರಿಯ ಹಾಗೆ ವಾರದ್ದು. ಏಳನೇ ತಾರೀಕಿಗೆ ಗುಲಾಬಿ. ಆಮೇಲೆ ಚಾಕಲೇಟಿಗೆ ಒಂದು ದಿನ, ಕರಡಿ ಗೊಂಬೆಗೆ ಒಂದು ದಿನ, ಮಾತು ಕೊಡುವುದಕ್ಕೆ ಒಂದು ದಿನ. ಮಧ್ಯೆ ಒಂದೆರಡು ದಿನಗಳಿವೆ, ಅವನ್ನು ಅಜ್ಜನಿಗೆ ಬರೆಯಲಾರೆ. ಹದಿನಾಲ್ಕಕ್ಕೆ ಕೆಂಪು ಬಟ್ಟೆ, ಕೇಕು, ಹೃದಯದ ಆಕಾರದ ಕಾರ್ಡು. ಹೊಸನಗರದ ಬೇಕರಿಯಲ್ಲಿ ಹೋದ ವರ್ಷ ಕೇಕಿನ ಮೇಲೆ ಹೆಸರು ಬರೆಸಲು ಸಾಲು ನಿಂತಿದ್ದರಂತೆ, ಡಾಕ್ಟ್ರು ಹೇಳಿದರು. ಆದರೆ ಡಾಕ್ಟ್ರ ಪ್ರಕಾರ ಅಂಗಡಿಯಿಂದ ತಂದದ್ದಕ್ಕೆ ಬೆಲೆಯಿಲ್ಲ, ಕೈಯಲ್ಲಿ ಮಾಡಿದ್ದೇ ಆಗಬೇಕು.

ಅಜ್ಜಿಗೆ ಚಾಕಲೇಟು ಕೊಟ್ಟರೆ "ಹಲ್ಲಿಗೆ ಅಂಟ್ತು" ಅಂತ ಬೈಸಿಕೊಳ್ಳುತ್ತೀಯ. ಕರಡಿ ಕೊಟ್ಟರೆ ನಿನ್ನನ್ನೇ ಕಾಡಿಗೆ ಅಟ್ಟುತ್ತಾಳೆ. ಬೇರೇನಾದರೂ ಯೋಚಿಸು.

ವಿನಯಕ್ಕನ ವಿಷಯದಲ್ಲಿ ಅಜ್ಜಿಯದು ಈಗಲೂ ಅದೇ ಮಾತಾ? ಸುಮ್ಮನೆ ಕೇಳಿದೆ.

ನಿನ್ನ,
ಭವ್ಯಾ


ಬ್ಯಾಕೋಡು
21 ಜನವರಿ 2026

ಮೊಮ್ಮಗಳಿಗೆ ಆಶೀರ್ವಾದ.

ಉಪಾಯ ಹೊಳೆದಿದೆ. ನಿನ್ನ ಅಜ್ಜಿಯನ್ನು ಹೆಗ್ಗೋಡಿಗೆ ಕರೆದಿದ್ದಾರೆ. ಅಲ್ಲಿ ಮಕ್ಕಳಿಗೆ ಹತ್ತು ದಿನ ಚಿತ್ತಾರ ಕಲಿಸಬೇಕಂತೆ. ಮೂರನೇ ತಾರೀಕು ಹೋಗಿ ಹದಿನಾಲ್ಕಕ್ಕೆ ಬರುತ್ತಾಳೆ. ಅಷ್ಟರೊಳಗೆ ನಾನೇ ಹಸೆ ಬರೆದು ಮುಗಿಸುತ್ತೇನೆ. ಕಳೆದುಹೋದ ಮದುಮಗಳನ್ನು ಮದುಮಗನ ಪಕ್ಕಕ್ಕೆ ತಂದು ನಿಲ್ಲಿಸುತ್ತೇನೆ. ಕೈಯಲ್ಲೇ ಮಾಡಿದ್ದಾಯಿತಲ್ಲ!

ಗಂಡಸರು ಹಸೆ ಬರೆದದ್ದನ್ನು ನಾನು ನೋಡಿಲ್ಲ. ಕೊಟ್ಟಿಗೆಯ ಹಿಂದಿನ ಗೋಡೆಯ ಮೇಲೆ, ಅಜ್ಜಿಯ ಕಣ್ಣು ತಪ್ಪಿಸಿ, ಅಭ್ಯಾಸ ಶುರು ಮಾಡಿದೆ. ಪುಂಡಿ ನಾರಿನ ಬ್ರಶ್ಶು ಹಿಡಿದು ಒಂದು ಗೆರೆ ಎಳೆಯಲು ಹೋದರೆ ಅದು ನಾಗರಹಾವಿನ ಹಾಗೆ ಹೋಯಿತು. ನಿನ್ನಮ್ಮ ಬಂದು ನೋಡಿ, "ಮಾವ, ಇದೆಂತ, ತೋಟದ ನಕ್ಷೆಯನಾ?" ಅಂದಳು. ಅಜ್ಜಿಗೆ ಹೇಳುವುದಿಲ್ಲ ಅಂತ ಮಾತು ಕೊಟ್ಟಿದ್ದಾಳೆ, ನಗುವುದಿಲ್ಲ ಅಂತ ಕೊಡಲಿಲ್ಲ.

ನಿನಗೆ ಅಜ್ಜಿ ಚಿಕ್ಕಂದಿನಲ್ಲೇ ಕಲಿಸಿದ್ದಾಳೆ. ದೊಡ್ಡ ಕಾಗದದಲ್ಲಿ ಹಸೆಯ ನಕ್ಷೆ ಬರೆದು ಕಳಿಸು. ಎಲ್ಲಿ ಜೋಗಿ ಜಡೆಯ ಹೆಣಿಗೆ, ಎಲ್ಲಿ ಗೊಂಬೆ ಸಾಲು, ಅಳತೆ ಎಷ್ಟು ಗೇಣು, ಎಲ್ಲ ಗುರುತು ಹಾಕು.

ವಿನಯಾಳ ವಿಷಯ ಕೇಳಿದೆಯಲ್ಲ. ನಿನ್ನ ಅಜ್ಜಿ ಅವಳ ಹೆಸರು ಹೇಳುವುದಿಲ್ಲ. ಆದರೆ ಅವಳ ಮಗುವಿನ ಫೋಟೋ ನಿನ್ನಮ್ಮನ ಫೋನಿನಲ್ಲಿ ಬಂದರೆ ಕನ್ನಡಕ ಹುಡುಕುತ್ತಾಳೆ.

ಇನ್ನೊಂದು ಮಾತು. ನಿನ್ನ ಕಾಗದವನ್ನು ಎರಡು ಸಲ ಓದಿದೆ. ದನದ ಡಾಕ್ಟ್ರು ಅದರಲ್ಲಿ ಮೂರು ಸಲ ಬಂದಿದ್ದಾನೆ. ನಿನ್ನ ಹತ್ತಿರ ದನ ಇಲ್ಲವಲ್ಲ ಕೂಸೇ?

ಇಂತಿ,
ಕೆರಿಯಪ್ಪ


ಮಾಸ್ತಿಕಟ್ಟೆ
29 ಜನವರಿ 2026

ಅಜ್ಜನಿಗೆ ನಮಸ್ಕಾರ.

ನೀನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟದ್ದು ಒಳ್ಳೆಯದಾಯಿತು. ಇನ್ನೂ ಓದಿದ್ದರೆ ಪೊಲೀಸ್ ಇನ್‌ಸ್ಪೆಕ್ಟರ್ ಆಗುತ್ತಿದ್ದೆ.

ಸರಿ, ಹೇಳುತ್ತೇನೆ. ಹೆಸರು ಪೂರ್ಣೇಶ್. ತೀರ್ಥಹಳ್ಳಿ ಕಡೆಯ ಗೌಡರ ಮನೆಯವನು, ನಮ್ಮ ಜಾತಿಯಲ್ಲ. ಅಪ್ಪ ಮುಕುಂದಯ್ಯ, ಅಮ್ಮ ಸರೋಜ. ಇಲ್ಲಿಯ ಪಶು ಆಸ್ಪತ್ರೆಗೆ ಬಂದು ಎರಡು ವರ್ಷವಾಯಿತು. ಮೊದಮೊದಲು ದಿನಕ್ಕೊಂದು ಸ್ಟಾಂಪು ಕೊಳ್ಳಲು ಬರುತ್ತಿದ್ದ. ಇವನಿಗೆ ಎಷ್ಟು ಜನ ನೆಂಟರಪ್ಪಾ ಅಂದುಕೊಂಡಿದ್ದೆ. ಆಮೇಲೆ ನೋಡಿದರೆ ಸ್ಟಾಂಪೆಲ್ಲ ಅವನ ಮೇಜಿನ ಡ್ರಾಯರಿನಲ್ಲೇ ಬಿದ್ದಿವೆ. ಕರು ಹಾಕಿಸಲು ಹೋದವನು ಅಂಗಿಯ ತುಂಬ ಕೆಸರು ಮಾಡಿಕೊಂಡು ಬಂದರೂ ಮುಖದಲ್ಲಿ ನಗು ಇರುತ್ತದೆ. ನನಗೆ ಅವನು ಬಹಳ ಇಷ್ಟ ಅಜ್ಜಾ. ಬರೆದುಬಿಟ್ಟೆ. ಬಾಯಲ್ಲಾದರೆ ಹೇಳುತ್ತಿರಲಿಲ್ಲ.

ಅಪ್ಪ ಅಮ್ಮ ಒಪ್ಪಿಯಾರು. ನನಗೆ ಹೆದರಿಕೆ ಅಜ್ಜಿಯದು. ವಿನಯಕ್ಕನ ಮದುವೆ ಸಾಗರದ ಛತ್ರದಲ್ಲಿ ಆಯಿತಲ್ಲ, ಮಂಟಪದ ಹಿಂದೆ ಚಿತ್ತಾರದ ಪ್ರಿಂಟು ಹಾಕಿದ ಫ್ಲೆಕ್ಸು ಕಟ್ಟಿದ್ದರು. ಫ್ಯಾನಿನ ಗಾಳಿಗೆ ಅದು ಪಟಪಟ ಬಡಿಯುತ್ತಿತ್ತು. ವಿನಯಕ್ಕ ಧಾರೆಯ ಹೊತ್ತಲ್ಲೂ ತಿರುತಿರುಗಿ ಅದನ್ನೇ ನೋಡುತ್ತಿದ್ದಳು. ನನಗೆ ಹಾಗಾಗುವುದು ಬೇಡ. ಅಜ್ಜಿ ಬರೆದ ಹಸೆಯ ಮುಂದೆ ಕೂರುವುದಾದರೆ ಮದುವೆ, ಇಲ್ಲದಿದ್ದರೆ ಬೇಡ ಅಂತ ಪೂರ್ಣೇಶನಿಗೆ ಹೇಳಿದ್ದೇನೆ. ಅವನು, "ಹಂಗಾರೆ ಕಾಯೋಣ" ಅಂದ.

ನಕ್ಷೆ ಇನ್ನೂ ಮುಗಿದಿಲ್ಲ, ಹೇಗಾದರೂ ತಲುಪಿಸುತ್ತೇನೆ. ಮತ್ತೆ ಈ ಕಾಗದವನ್ನು ಒಲೆಗೆ ಹಾಕು. ಪೋಸ್ಟಿನವಳಾಗಿ ಊರಿನ ಗುಟ್ಟೆಲ್ಲ ಹೊಟ್ಟೆಯಲ್ಲಿಟ್ಟುಕೊಂಡಿದ್ದೇನೆ. ನನ್ನದೊಂದನ್ನು ನೀನು ಇಟ್ಟುಕೋ.

ನಿನ್ನ,
ಭವ್ಯಾ


ಬ್ಯಾಕೋಡು
9 ಫೆಬ್ರವರಿ 2026

ಕೂಸೇ,

ಕಾಗದ ಒಲೆಗೆ ಹಾಕಿದೆ. ಆದರೆ ಇಲ್ಲಿ ಬೇರೆ ಬೆಂಕಿ ಹತ್ತಿದೆ.

ಮೊದಲು ಸಂತೋಷದ ಸುದ್ದಿ. ನಿನ್ನೆ ಭಾನುವಾರ ಬೆಳಿಗ್ಗೆ ಬೈಕಿನಲ್ಲಿ ಒಬ್ಬ ಹುಡುಗ ಬಂದ. ನಿಟ್ಟೂರಿನ ಮೇಲೆ ಬಂದೆ ಅಂದ, ತಲೆಯ ತುಂಬ ಧೂಳು. "ನಿಮ್ಮನೆ ಗಬ್ಬದ ದನ ನೋಡನ ಅಂತ ಬಂದೆ" ಅಂದ. ನಮ್ಮ ಯಾವ ದನವೂ ಈಗ ಗಬ್ಬ ಇಲ್ಲ. ಆದರೂ ಮೂರನ್ನೂ ಮುಟ್ಟಿ ನೋಡಿ, ಆರೋಗ್ಯವಾಗಿವೆ ಅಂತ ಹೇಳಿ, ಅಂಗಿಯೊಳಗಿಂದ ನಿನ್ನ ನಕ್ಷೆ ತೆಗೆದ. ಯಾರು ಅಂತ ಆಗಲೇ ತಿಳಿಯಿತು. ನನ್ನ ಗೆರೆ ಸೊಟ್ಟ ಹೋಗುವುದನ್ನು ನೋಡಿ ತಾನೇ ಬ್ರಶ್ಶು ತಗೊಂಡ. ಇಡೀ ದಿನ ಇಬ್ಬರೂ ಗೋಡೆಗೆ ಮೋರೆ ಮಾಡಿ ಕೂತೆವು. ಹುಡುಗನ ಕೈ ನೆಟ್ಟಗಿದೆ, ಒಂದು ಗೆರೆ ಆಚೀಚೆ ಹೋಗುವುದಿಲ್ಲ. ಸಾಯಂಕಾಲ ಬಲಗಡೆಯ ಮೂಲೆಯಲ್ಲಿ ಸ್ವಲ್ಪ ಜಾಗ ಉಳಿಯಿತು. "ಖಾಲಿ ಬಿಡಬ್ಯಾಡ ಮಾರಾಯ" ಅಂದೆ. ನಾನು ಚಾ ಕುಡಿದು ಬರುವಷ್ಟರಲ್ಲಿ ಅಲ್ಲೊಂದು ದನ ಬರೆದಿಟ್ಟಿದ್ದ. ಹಸೆಯಲ್ಲಿ ದನ! ಒರೆಸಲು ಹೋದರೆ ಆಗಲೇ ಒಣಗಿತ್ತು.

ಇನ್ನು ಬೆಂಕಿಯ ವಿಷಯ. ನಾನು ಬರೆದದ್ದು ಜಗುಲಿಯ ಗೋಡೆಗೆ. ಅದು ರಸ್ತೆಗೆ ಕಾಣುತ್ತದೆ ಎನ್ನುವುದು ತಲೆಗೆ ಹೊಳೆಯಲಿಲ್ಲ. ನಮ್ಮಲ್ಲಿ ಮದುವೆ ಇಲ್ಲದೆ ಯಾರು ಹಸೆ ಬರೆಯುತ್ತಾರೆ? ದಾರಿಯಲ್ಲಿ ಹೋಗುತ್ತಿದ್ದ ಅಂಜನಪ್ಪ ನಿಂತು, "ಯಾರ ಮದುವೆ ಕೆರಿಯಪ್ಪಣ್ಣ?" ಅಂದ. ನನಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. "ನಮ್ಮನೇದೇ" ಅಂದೆ. "ಯಾವಾಗ?" ಅಂದ. "ಶನಿವಾರ" ಅಂದೆ. ಅವನು ಇನ್ನೇನು ತಿಳಿದಾನು? ಮನೆಯಲ್ಲಿ ಮದುವೆಯ ವಯಸ್ಸಿನವಳು ನೀನೊಬ್ಬಳೇ. ಇವತ್ತು ಬೆಳಿಗ್ಗೆ ಪಕ್ಕದ ಮನೆಯ ಸುಬ್ಬರಾಯ ಚಪ್ಪರಕ್ಕೆ ಕಂಬ ಕಡಿಯಲೇ ಅಂತ ಕೇಳಿಕೊಂಡು ಬಂದ. ಮಧ್ಯಾಹ್ನ ಎರಡು ಮನೆಯಿಂದ ಅಕ್ಕಿ, ತೆಂಗಿನಕಾಯಿ ಬಂತು. ಹಿಂದಾದರೆ ಹೊಳೆ ದಾಟಲು ಲಾಂಚು ಕಾದು ಬರುವಷ್ಟರಲ್ಲಿ ಅರ್ಧ ನೆಂಟರಿಗೆ ಸಿಟ್ಟು ಬಂದು ವಾಪಸು ಹೋಗುತ್ತಿದ್ದರು. ಈಗ ಸೇತುವೆಯಾಗಿದೆ, ಸುದ್ದಿಯೂ ಓಡುತ್ತದೆ, ಜನವೂ ಓಡುತ್ತಾರೆ. ನಿಜ ಹೇಳಿದರೆ ಅದು ಹೆಗ್ಗೋಡಿನವರೆಗೂ ಓಡಿ ಗುಟ್ಟು ಕೆಡುತ್ತದೆ, ಹೇಳುವಂತಿಲ್ಲ. ನಿನ್ನಪ್ಪ ತಲೆ ಮೇಲೆ ಕೈ ಹೊತ್ತು ಕೂತಿದ್ದಾನೆ.

ಶನಿವಾರ ನೀನು ಬಂದರೆ ಒಳ್ಳೆಯದಿತ್ತು. ಮರುದಿನ ಶಿವರಾತ್ರಿ ಬೇರೆ. ಬಾ.

ಇಂತಿ, ಕಂಗಾಲಾದ ನಿನ್ನ ಅಜ್ಜ,
ಕೆರಿಯಪ್ಪ


ಬ್ಯಾಕೋಡು
17 ಫೆಬ್ರವರಿ 2026

ಮಗಾ ಭವ್ಯಾ,

ನಾನು ನಿನ್ನ ಅಜ್ಜಿ ಜಲಜಮ್ಮ ಹೇಳುತ್ತಿದ್ದೇನೆ, ನಿನ್ನ ಅಜ್ಜ ಬರೆಯುತ್ತಿದ್ದಾರೆ. ಒಂದು ಮಾತು ಬಿಟ್ಟರೂ ಇವತ್ತು ಊಟ ಇಲ್ಲ ಅಂದಿದ್ದೇನೆ. ಬರೆದಾದ ಮೇಲೆ ಆಶಾ ಓದಿ ಹೇಳುತ್ತಾಳೆ.

ನೀನು ಶನಿವಾರವೂ ಬರಲಿಲ್ಲ, ಶಿವರಾತ್ರಿಗೂ ಬರಲಿಲ್ಲ. ಮೂರು ಸಲ ಫೋನು ಮಾಡಿದರೂ ಎತ್ತಲಿಲ್ಲ. ಹೆದರಿ ಕೂತಿದ್ದೀಯ ಅಂತ ಗೊತ್ತು. ಫೋನು ಎತ್ತದೆ ಇರಬಹುದು, ಕಾಗದ ಬಂದರೆ ಏನು ಮಾಡುತ್ತೀಯ? ಪೋಸ್ಟಿನವಳು ನೀನೇ.

ಹೆಗ್ಗೋಡಿನಿಂದ ಬಂದು ಬಸ್ಸಿಳಿದು ನೋಡುತ್ತೇನೆ, ಅಂಗಳದ ತುಂಬ ಜನ. ಎಪ್ಪತ್ತಾರು ವರ್ಷದ ಗಂಡ ಇರುವ ಮನೆಯ ಮುಂದೆ ಜನ ಸೇರಿದರೆ ಏನು ತಿಳಿಯಬೇಕು? ಕೈಚೀಲ ಅಲ್ಲೇ ಬಿಟ್ಟು ಓಡಿದೆ. ಹೋಗಿ ನೋಡಿದರೆ ನಿನ್ನ ಅಜ್ಜ ಬಿಳಿ ಪಂಚೆ ಉಟ್ಟುಕೊಂಡು, ಕೈಯಲ್ಲೊಂದು ಕೆಂಪು ದಾಸವಾಳ ಹಿಡಿದು, ಕಳ್ಳ ಬೆಕ್ಕಿನ ಹಾಗೆ ನಿಂತಿದ್ದಾರೆ. ಗುಲಾಬಿ ಸಿಗಲಿಲ್ಲವಂತೆ. ಅಂಜನಪ್ಪ, "ಎಲ್ಲ ಸರಿ, ಮದುಮಗಳೆಲ್ಲಿ?" ಅಂತ ಕೇಳಿದ. ಇವರು ನನ್ನ ಕಡೆ ಕೈ ತೋರಿಸಿ, "ಈಗ ಬಸ್ಸಿಳಿದ್ಲಲ್ಲ" ಅಂದರು. ಕಿವಿ ಮಂದ ನೋಡು, ಕೂಗಿಯೇ ಹೇಳಿದ್ದು. ಜನ ಬಿದ್ದು ಬಿದ್ದು ನಕ್ಕರು. ನನಗೆ ನಾಚಿಕೆಯಿಂದ ಎಲ್ಲಿ ಅಡಗಲಿ ಅನ್ನಿಸಿತು.

ಆಮೇಲೆ ಗೋಡೆ ನೋಡಿದೆ. ಜೋಗಿ ಜಡೆ ಸೊಟ್ಟ. ಗೊಂಬೆ ಸಾಲಿನಲ್ಲಿ ಒಂದಕ್ಕೆ ಮೂರು ಕೈ. ಹಳದಿ ಬಣ್ಣಕ್ಕೆ ಅರೆಯುವ ಗುರಿಗೆ ಕಾಯಿ ಸಾಲದೆ ಅರಿಶಿನ ಕಲಸಿದ್ದಾರೆ. ಆದರೆ ನಡುವೆ ಮದುಮಗಳು ನಿಂತಿದ್ದಳು ಮಗಾ. ಐವತ್ತೆರಡು ವರ್ಷದ ಮೇಲೆ ಬಂದು ಗಂಡನ ಪಕ್ಕ ನಿಂತಿದ್ದಳು. ನನಗೆ ಅಳು ಬಂತು. ಇಷ್ಟು ವರ್ಷ ಹಂಗಿಸಿದ್ದೆಲ್ಲ ನೆನಪಾಗಿ ಇನ್ನೂ ಅಳು ಬಂತು. ಅಲ್ಲಿದ್ದ ಹೆಂಗಸರು ನಮ್ಮಿಬ್ಬರನ್ನೂ ಹಿಡಿದು ಹಸೆಯ ಮುಂದೆ ಕೂರಿಸಿ, ಆರತಿ ಎತ್ತಿ, ಹಾಡು ಹೇಳಿಯೇ ಬಿಟ್ಟರು. ಬಂದ ಅಕ್ಕಿ, ಬಂದ ಕಾಯಿಯಲ್ಲೇ ಆಶಾ ಪಾಯಸ ಮಾಡಿದಳು. ಒಬ್ಬರೂ ಉಣ್ಣದೆ ಹೋಗಲಿಲ್ಲ.

ಹಾಡು ಹೇಳುವಾಗ ಬೇಲಿಯ ದಣಪೆಯ ಹತ್ತಿರ ಒಬ್ಬಳು ಮಗು ಎತ್ತಿಕೊಂಡು ನಿಂತಿದ್ದಳು. ವಿನಯಾ. ನಿನ್ನ ಮದುವೆ ಅಂತ ಕೇಳಿ ಸಾಗರದಿಂದ ಬಂದಿದ್ದಳಂತೆ. ಒಳಗೆ ಬಾ ಅಂದರೆ, "ಬ್ಯಾಡ ಅಜ್ಜಿ, ಹಸೆ ನೋಡ್ಕಂಡು ಹೋಗ್ತೀನಿ" ಅಂದಳು. ನಾಲ್ಕು ವರ್ಷದ ಹಿಂದೆ ಅವಳಿಗೆ ಹಸೆ ಬರೆಯುವುದಿಲ್ಲ ಅಂದದ್ದು ಜಾತಿಯ ಜಂಬಕ್ಕೆ. ಸುಳ್ಳು ಯಾಕೆ ಹೇಳಲಿ? ಅವಳ ಮದುವೆಯ ದಿನ ನಾನು ಕೊಟ್ಟಿಗೆಯಲ್ಲಿ ಕೂತು ಅತ್ತದ್ದು ಯಾರಿಗೂ ಗೊತ್ತಿಲ್ಲ. ಇವರು ತಿಳಿಯದೆ ಒಂದು ಹಸೆ ಕೆಡಿಸಿದರು ಅಂತ ಜನ್ಮವಿಡೀ ಅಂದೆ. ನಾನು ತಿಳಿದೂ ತಿಳಿದೂ ಒಂದನ್ನು ಕೆಡಿಸಿದೆ. ಹಸೆಯಿಂದ ಎದ್ದು ಹೋಗಿ ಅವಳ ಕೈ ಹಿಡಿದು ಕರೆತಂದೆ. ಮಗು ನನ್ನ ಮಡಿಲಲ್ಲಿ ಕೂತು ಗೋಡೆ ನೋಡಿ, "ಅಂಬಾ" ಅಂತು.

ಆಗಲೇ ನಾನು ದನ ನೋಡಿದ್ದು.

ನೂರು ಮನೆಯ ಹಸೆ ಬರೆದವಳು ನಾನು. ಯಾವ ಗೆರೆ ಯಾರ ಕೈಯದು ಅಂತ ನೋಡಿದರೆ ಹೇಳುತ್ತೇನೆ. ಸೊಟ್ಟ ಗೆರೆ ಇವರದು. ನೆಟ್ಟಗಿನ ಗೆರೆ ನಮ್ಮ ಮನೆಯವರದಲ್ಲ. "ಯಾರು ಬಂದಿದ್ರು?" ಅಂದೆ. ಇವರು ಗುಟ್ಟಿನಲ್ಲಿ ಹೇಳಲು ನನ್ನ ಕಿವಿಗೆ ಬಾಯಿಟ್ಟರು. ಇವರ ಗುಟ್ಟು ಗೊತ್ತಲ್ಲ, ಅಂಗಳಕ್ಕೆಲ್ಲ ಕೇಳಿತು. ಮಾಸ್ತಿಕಟ್ಟೆ, ದನದ ಡಾಕ್ಟ್ರು, ತೀರ್ಥಹಳ್ಳಿ ಗೌಡರು, ಎಲ್ಲ. ಇನ್ನು ಮುಚ್ಚಿಡಲು ಏನೂ ಉಳಿದಿಲ್ಲ.

ಈಗ ನನ್ನ ಮಾತು ಕೇಳು. ಆ ಹುಡುಗನಿಗೆ ಹೇಳು, ಹಸೆಯಲ್ಲಿ ದನ ಬರೆಯುವುದಿಲ್ಲ. ಆದರೆ ಆ ದನದ ಕಾಲು ನಾಲ್ಕೂ ನೆಲಕ್ಕೆ ಸರಿಯಾಗಿ ಊರಿವೆ. ಕೆಲಸ ಗೊತ್ತಿರುವವನು. ಮತ್ತೆ ಅವನ ತಾಯಿಗೆ ಹೇಳು, ಅವರ ಕಡೆಯ ಕೆಮ್ಮಣ್ಣು ಒಂದು ಡಬ್ಬಿ ಕಳಿಸಲಿ. ನಮ್ಮ ಮಣ್ಣಿಗೆ ಅದನ್ನು ಕಲಸಿ ಗೋಡೆ ಬಳಿಯುತ್ತೇನೆ. ಮಣ್ಣು ಬಂದರೆ ಅವರಿಗೆ ಒಪ್ಪಿಗೆ ಅಂತ ತಿಳಿಯುತ್ತೇನೆ. ನನಗೆ ಕಾಗದ ಬರೆಯಲು ಬರುವುದಿಲ್ಲ, ನಿನ್ನ ಹಸೆ ಬರೆಯಲು ಬರುತ್ತದೆ.

ನಿನ್ನ ಅಜ್ಜಿ,
ಜಲಜಮ್ಮ

(ಬರೆದವನು ಕೆರಿಯಪ್ಪ. ಕಳ್ಳ ಬೆಕ್ಕು ಅಂತಲೂ ನಾನೇ ಬರೆಯಬೇಕಾಯಿತು.)


ಮಾಸ್ತಿಕಟ್ಟೆ
12 ಮಾರ್ಚ್ 2026

ಅಜ್ಜಿಗೆ, ಅಜ್ಜನಿಗೆ ನಮಸ್ಕಾರ.

ಅಮ್ಮ ಇದನ್ನು ಗಟ್ಟಿಯಾಗಿ ಓದಲಿ. ಇನ್ನು ಗುಟ್ಟಿಲ್ಲ.

ನಿಮ್ಮ ಕಾಗದ ಓದುತ್ತಾ ನಾನು ಕೌಂಟರಿನಲ್ಲೇ ಅತ್ತೆ. ಪಿಂಚಣಿಗೆ ಬಂದಿದ್ದ ಅಜ್ಜಿಯೊಬ್ಬರು ಯಾರಾದರೂ ಹೋದರೇನೋ ಅಂತ ತಾವೂ ಅಳಲು ಶುರು ಮಾಡಿದರು. ಅವರಿಗೆ ವಿಷಯ ಹೇಳಿ ನಗಿಸಿ ಕಳಿಸುವಷ್ಟರಲ್ಲಿ ಸಾಕಾಯಿತು.

ಇಷ್ಟು ದಿನ ಬರೆಯದೆ ಇದ್ದದ್ದು ತೀರ್ಥಹಳ್ಳಿಯಿಂದ ಮಾತು ಬರಲಿಲ್ಲ ಅಂತ. ಸರೋಜಮ್ಮ ಮೊದಲ ದಿನವೇ ಒಪ್ಪಿದರು. ಮುಕುಂದಯ್ಯನವರು ಎರಡು ವಾರ ಮಗನ ಹತ್ತಿರ ಮಾತೇ ಆಡಲಿಲ್ಲ. ಹೋದ ಭಾನುವಾರ ನಾನೇ ಅವರ ಮನೆಗೆ ಹೋಗಿ ಅಜ್ಜಿಯ ಕಾಗದ ಕೈಗೆ ಕೊಟ್ಟೆ. ಅವರು ಪೂರಾ ಓದಿ, ಮಡಚಿ, ಮತ್ತೆ ಬಿಚ್ಚಿ, ಜಾತಿಯ ಜಂಬ ಅಂತ ಇರುವ ಕಡೆ ಬಹಳ ಹೊತ್ತು ನೋಡಿದರು. ಕೊನೆಗೆ ಮಗನಿಗೆ, "ಮದುವೆ ಚಿತ್ತಾರದಾಗೆ ದನ ಬರ್ದು ಬಂದ್ಯನಾ? ಮರ್ಯಾದೆ ಕಳ್ದಲ್ಲ ಮಾರಾಯ" ಅಂದರು. ಎದ್ದು ಹಾರೆ ಹಿಡಿದು ಮನೆಯ ಹಿಂದಿನ ಮಣ್ಣಿನ ದರೆಗೆ ಹೋದರು. ಅಜ್ಜಿ, ಕೆಮ್ಮಣ್ಣು ಅಗೆಯಲು, ಅವರೇ!

ಒಂದು ಡಬ್ಬಿ ಕೇಳಿದ್ದಿರಿ, ಅವರು ಗೋಣಿಚೀಲ ತುಂಬಿಸಿದ್ದಾರೆ. ಕಡಿಮೆಯಾದರೆ ತೀರ್ಥಹಳ್ಳಿಗೆ ಅವಮಾನವಂತೆ. ಸರೋಜಮ್ಮ ಜರಡಿ ಹಿಡಿದು ಕಲ್ಲು ತೆಗೆದಿದ್ದಾರೆ. ಅಷ್ಟು ಭಾರದ ಪಾರ್ಸೆಲ್ಲು ನನ್ನ ಆಫೀಸಿನಲ್ಲಿ ನಡೆಯುವುದಿಲ್ಲ. ಭಾನುವಾರ ಪೂರ್ಣೇಶ್ ಬೈಕಿಗೆ ಕಟ್ಟಿಕೊಂಡು ಬರುತ್ತಾನೆ. ಹಿಂದೆ ಕೂರಲು ಜಾಗವಿಲ್ಲದ್ದರಿಂದ ನಾನು ಬಸ್ಸಿನಲ್ಲಿ ಬರುತ್ತೇನೆ.

ನಿಮ್ಮ,
ಭವ್ಯಾ


ಬ್ಯಾಕೋಡು
24 ಏಪ್ರಿಲ್ 2026

ಮದುಮಗಳಿಗೆ ಅಜ್ಜನ ಆಶೀರ್ವಾದ.

ಇದು ಪೋಸ್ಟಿನವಳಿಗೆ ಬರೆಯುವ ಕಡೆಯ ಕಾಗದ. ಮೇ ಮೂರಕ್ಕೆ ಮದುವೆ, ಹೇಗೂ ನೀನೇ ಇಲ್ಲಿರುತ್ತೀಯ.

ನಮ್ಮ ಹಸೆಯನ್ನು ಹಾಗೇ ಬಿಟ್ಟು ಬಳಿದ ಪಕ್ಕದ ಗೋಡೆ ತೀರ್ಥಹಳ್ಳಿಯ ಮಣ್ಣಿಗೆ ಬಹಳ ಕೆಂಪಾಗಿ ಬಂದಿದೆ. ವಿನಯಾ ಬಂದು ನಾಲ್ಕು ದಿನವಾಯಿತು, ನಿನ್ನ ಅಜ್ಜಿಯ ಜೊತೆ ಬಣ್ಣ ಅರೆಯುತ್ತಿದ್ದಾಳೆ. ನಿನ್ನ ಹಸೆ ಎಡಗಡೆಗೆ. ಬಲಗಡೆಗೆ ಇನ್ನೊಂದು ಚಿಕ್ಕದು. ಅದು ಯಾರದು ಅಂತ ಕೇಳಿದೆ. ನಿನ್ನ ಅಜ್ಜಿ ತಿರುಗಿ ನೋಡದೆಯೇ, "ವಿನಯಂದು, ತಡ ಆಯ್ತು" ಅಂದಳು. ವಿನಯಾ ಅರೆಯುವ ಕೈ ನಿಲ್ಲಿಸಿ ಅತ್ತಳು. ಆಮೇಲೆ ಇಬ್ಬರೂ ಸೇರಿ ನನ್ನನ್ನೇ ಬೈದರು, ಯಾಕೆಂದು ಗೊತ್ತಾಗಲಿಲ್ಲ.

ಡಾಕ್ಟರಿಗೆ ಹೇಳು, ಮೂಲೆಯಲ್ಲಿ ಒಂದು ಗೇಣು ಜಾಗ ಬಿಟ್ಟಿದ್ದಾರೆ. ಇಷ್ಟು ಮದುವೆಯಲ್ಲಿ ನಿನ್ನ ಅಜ್ಜಿ ಖಾಲಿ ಜಾಗ ಬಿಟ್ಟದ್ದು ನಾನು ಕಂಡಿಲ್ಲ. ಯಾಕೆ ಅಂದರೆ, "ಆ ಹುಡುಗಂಗೆ ದನ ಬರೆಯಕ್ಕೆ" ಅಂದಳು.

ಭತ್ತದ ಚೀಲವನ್ನೆಲ್ಲ ನಾನು ಇವತ್ತೇ ಸುಬ್ಬರಾಯನ ಮನೆಗೆ ಸಾಗಿಸಿಬಿಟ್ಟೆ. ಆದರೂ ನಂಬಿಕೆಯಿಲ್ಲ. ಗೋಡೆ ಒಣಗುವವರೆಗೆ ನಾನು ಜಗುಲಿ ಹತ್ತಬಾರದು ಅಂತ ಆಜ್ಞೆಯಾಗಿದೆ. ಅಂಗಳದಲ್ಲೇ ಕುರ್ಚಿ ಹಾಕಿಕೊಂಡು ಈ ಕಾಗದ ಬರೆಯುತ್ತಿದ್ದೇನೆ. ಅವಳು ಈಗಷ್ಟೇ ಮದುಮಗಳ ಮೋರೆ ಬರೆಯಲು ಶುರು ಮಾಡಿದ್ದಾಳೆ, ಇಲ್ಲಿಗೆ ಕಾಣುತ್ತಿದೆ.

ಇಂತಿ ನಿನ್ನ ಅಜ್ಜ,
ಕೆರಿಯಪ್ಪ